ತುಟಿ ಮೊದಲು, ಮಾತು ಆಮೇಲೆ

ಮೊಬೈಲ್‌ನಲ್ಲಿ ತೆಗೆದದ್ದು, ಪೆನ್‌ಡ್ರೈವ್‌ನಲ್ಲಿ ತಂದದ್ದು, ಹಳೆಯ ಟೇಪಿನಿಂದ ಇಳಿಸಿದ್ದು, ಯಾವ ವಿಡಿಯೊ ಬಂದರೂ ಅದನ್ನು ಡಿವಿಡಿ ಮಾಡಿಕೊಡುವುದು ನನ್ನ ಕೆಲಸ. ಚಿತ್ರ ಕೆಟ್ಟಿದ್ದರೆ ಮಾನಿಟರಿನಲ್ಲೇ ಕಣ್ಣಿಗೆ ಬೀಳುತ್ತದೆ. ಸೌಂಡ್ ಹಾಗಲ್ಲ. ಡಿಸ್ಕ್ ಗಿರಾಕಿಯ ಕೈ ಸೇರಿ, ಮನೆಮಂದಿಯೆಲ್ಲ ಟಿವಿ ಮುಂದೆ ಕುಳಿತ ಮೇಲೆ ಅದರ ದೋಷ ಹೊರಗೆ ಬರುತ್ತದೆ. ನನಗೆ ಈ ಪಾಠ ಕಲಿಸಿದ್ದು ಒಬ್ಬ ಮೇಷ್ಟರ ಬೀಳ್ಕೊಡುಗೆಯ ವಿಡಿಯೊ.

1 ಗಂಟೆ 10 ನಿಮಿಷದ ಫೈಲು. ಅವರ ಮಗಳು ಮೊಬೈಲ್‌ನಲ್ಲಿ ತೆಗೆದಿದ್ದರು. "ಅಪ್ಪನಿಗೆ ಇಷ್ಟು ಚಿಕ್ಕ ಸ್ಕ್ರೀನಲ್ಲಿ ಕಾಣಲ್ಲ ಸರ್, ಡಿವಿಡಿ ಹಾಕ್ಕೊಂಡು ಟಿವೀಲಿ ನೋಡೋ ಹಾಗೆ ಮಾಡ್ಕೊಡಿ" ಎಂದರು. ಮಾಡಿದೆ. ಮೊದಲ ಐದು ನಿಮಿಷ ನೋಡಿದೆ, ಎಲ್ಲ ಸರಿಯಿತ್ತು, ಕೊಟ್ಟು ಕಳಿಸಿದೆ. ಮರುದಿನ ಫೋನ್ ಬಂತು: "ಕೊನೇಲಿ ಅಪ್ಪ ಮಾತಾಡೋವಾಗ ಬಾಯಿ ಮುಚ್ಚಿದ ಮೇಲೆ ಧ್ವನಿ ಬರ್ತಿದೆ ಸರ್."

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಕೊನೆಯ ಭಾಗ ತೆರೆದು ನೋಡಿದೆ, ಆಡಿಯೊ 3 ಸೆಕೆಂಡ್ ಹಿಂದಿತ್ತು. ಟೈಮ್‌ಲೈನಿನಲ್ಲಿ ಇಡೀ ಆಡಿಯೊ ಟ್ರ್ಯಾಕನ್ನು 3 ಸೆಕೆಂಡ್ ಮುಂದಕ್ಕೆ ಎಳೆದು, ಮತ್ತೆ ಬರ್ನ್ ಮಾಡಿ ಕೊಟ್ಟೆ. ಸಂಜೆಯೊಳಗೆ ಮತ್ತೆ ಫೋನ್. ಈ ಸಲ ಕೊನೆ ಸರಿಯಾಗಿದೆ, ಶುರುವಿನಲ್ಲಿ ಬಾಯಿ ತೆರೆಯುವ ಮೊದಲೇ ಮಾತು ಕೇಳುತ್ತಿದೆ. ದೋಷ ಎಲ್ಲಿ ಹುಟ್ಟಿತು ಎಂದು ನೋಡದೆ, ಅದು ಕಂಡ ಜಾಗದಲ್ಲಿ ತೇಪೆ ಹಾಕಿದ್ದೆ. ಎರಡು ಸಲ ಆ ಹಿರಿಯರನ್ನು ಟಿವಿ ಮುಂದೆ ಕೂರಿಸಿ ನಿರಾಸೆ ಮಾಡಿದ್ದು ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ಮೂರನೇ ಸಲ ಸಾಫ್ಟ್‌ವೇರ್ ಮುಟ್ಟುವ ಮೊದಲು ಕಾಗದ, ಪೆನ್ನು ತೆಗೆದುಕೊಂಡೆ. ಆಡಿಯೊ ಎಳೆಯುವ ಮುಂಚಿನ ಮೊದಲ ಡಿಸ್ಕನ್ನೇ ಹಾಕಿ, ಸದ್ದೂ ಚಲನೆಯೂ ಒಟ್ಟಿಗೆ ಕಾಣುವ ಜಾಗಗಳನ್ನು ಹುಡುಕಿದೆ. ಮೈಕ್ ಮೇಲೆ ಬೆರಳಿನಿಂದ ತಟ್ಟಿದ್ದು, ಒಂದು ಚಪ್ಪಾಳೆ, ಕೊನೆಯಲ್ಲಿ ಮೇಷ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟದ್ದು. ಒಂದೊಂದರಲ್ಲೂ ಸದ್ದು ಎಷ್ಟು ತಡ ಎಂದು ಬರೆದುಕೊಂಡೆ. 30ನೇ ನಿಮಿಷದವರೆಗೆ ಸೊನ್ನೆ. 38ನೇ ನಿಮಿಷದಲ್ಲಿ 3 ಸೆಕೆಂಡ್. ಅಲ್ಲಿಂದ ಕೊನೆಯವರೆಗೂ ಅದೇ 3 ಸೆಕೆಂಡ್. ಹಾಗಾದರೆ ಆ 8 ನಿಮಿಷದಲ್ಲಿ ಏನಾಯಿತು? ಹಳೆಯ ಫೋಟೊಗಳನ್ನು ಪರದೆ ಮೇಲೆ ತೋರಿಸಲು ಹಾಲ್‌ನ ದೀಪ ಆರಿಸಿದ್ದರು!

ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ಮೂಲ ಫೈಲನ್ನು ತೆರೆದಾಗ ಉತ್ತರ ಅಲ್ಲೇ ಇತ್ತು: ಫ್ರೇಮ್ ರೇಟ್ ಮೋಡ್, ವೇರಿಯಬಲ್. ಅಂದರೆ ಸೆಕೆಂಡಿಗೆ ಬರುವ ಫ್ರೇಮುಗಳ, ಬಿಡಿ ಚಿತ್ರಗಳ, ಸಂಖ್ಯೆ ಒಂದೇ ಸಮನಿಲ್ಲ. ಬೆಳಕು ಸಾಲದಾದಾಗ ಮೊಬೈಲ್ ಕ್ಯಾಮೆರಾ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 30 ಇರಬೇಕಾದ ಫ್ರೇಮುಗಳು ಕಡಿಮೆಯಾಗುತ್ತವೆ. ಯಾವ ಫ್ರೇಮನ್ನು ಯಾವ ಕ್ಷಣದಲ್ಲಿ ತೋರಿಸಬೇಕು ಎಂಬುದು ಫೈಲಿನಲ್ಲೇ ಬರೆದಿರುತ್ತದೆ, ಮೊಬೈಲ್ ಅದನ್ನು ಓದಿ ತೋರಿಸುತ್ತದೆ, ಆದ್ದರಿಂದ ಅಲ್ಲಿ ಎಲ್ಲವೂ ಸರಿ. ನಾನು ಬಳಸುತ್ತಿದ್ದ ಹಳೆಯ ಸಾಫ್ಟ್‌ವೇರ್ ಆ ಸಮಯಗಳನ್ನು ಲೆಕ್ಕಕ್ಕೇ ಇಡದೆ, ಇದ್ದ ಫ್ರೇಮುಗಳನ್ನು ಸೆಕೆಂಡಿಗೆ 30ರಂತೆ ಜೋಡಿಸುತ್ತಾ ಹೋಗಿತ್ತು. ಕತ್ತಲಿನ ಭಾಗದಲ್ಲಿ ಸುಮಾರು 90 ಫ್ರೇಮ್ ಕಡಿಮೆ ಇದ್ದವು. ಚಿತ್ರ ಅಷ್ಟು ಬೇಗ ಮುಗಿದು ಮುಂದೆ ಓಡಿತ್ತು, ಆಡಿಯೊ ತನ್ನ ಪಾಡಿಗೆ ನಡೆಯುತ್ತಿತ್ತು. ಆಡಿಯೊದಲ್ಲಿ ತಪ್ಪೇ ಇರಲಿಲ್ಲ.

ಪರಿಹಾರಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ, ಕಂಪ್ಯೂಟರ್ ಓಡಿದ ಹೊತ್ತು ಬೇರೆ. ಹ್ಯಾಂಡ್‌ಬ್ರೇಕ್‌ನಲ್ಲಿ (ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್) 'ಕಾನ್‌ಸ್ಟಂಟ್ ಫ್ರೇಮ್‌ರೇಟ್', ಅಂದರೆ ಒಂದೇ ಸಮನಾದ ಫ್ರೇಮ್ ವೇಗ, ಆಯ್ದು ಮೂಲ ಫೈಲಿನಿಂದ ಒಂದು ನಡುಪ್ರತಿ ತೆಗೆದು, ಅದನ್ನು ಡಿವಿಡಿಗೆ ಹಾಕಿದೆ. ಡಿವಿಡಿಯಲ್ಲಿ ಸೆಕೆಂಡಿಗೆ 29.97 ಫ್ರೇಮಿನ ಎನ್‌ಟಿಎಸ್‌ಸಿ, 25 ಫ್ರೇಮಿನ ಪಾಲ್ ಎಂದು ಎರಡು ಬಗೆ. ಅವರ ಪ್ಲೇಯರ್ ಎರಡೂ ಬಗೆಯ ಡಿಸ್ಕ್ ಓದುತ್ತದೆ ಎಂದು ಕೇಳಿ ತಿಳಿದುಕೊಂಡು ಎನ್‌ಟಿಎಸ್‌ಸಿಯಲ್ಲೇ ಮಾಡಿದೆ. 30ರಿಂದ 29.97ಕ್ಕೆ ತಂದರೆ ಚಿತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಪಾಲ್‌ನ 25ಕ್ಕೆ ಇಳಿಸಿದ್ದರೆ ಕ್ಯಾಮೆರಾ ತಿರುಗಿದಾಗಲೆಲ್ಲ ಚಿತ್ರ ಕುಕ್ಕುತ್ತಿತ್ತು.

ಆವತ್ತಿನಿಂದ ಸಿಂಕ್, ಅಂದರೆ ಚಿತ್ರ ಮತ್ತು ಸದ್ದಿನ ಹೊಂದಾಣಿಕೆ, ಹೋಗಿದೆ ಎಂದು ಯಾರೇ ಡಿಸ್ಕ್ ವಾಪಸ್ ತಂದರೂ ಶುರು, ನಡು, ಕೊನೆ ಮೂರು ಕಡೆ ಅಳೆಯುತ್ತೇನೆ. ಮೂರರಲ್ಲೂ ಒಂದೇ ಅಂತರವಿದ್ದರೆ ಮಾತ್ರ ಟ್ರ್ಯಾಕ್ ಎಳೆದು ಸರಿ ಮಾಡಬಹುದು. ಟಿವಿ ರೆಕಾರ್ಡಿಂಗ್‌ನ ಫೈಲುಗಳಲ್ಲಿ ಚಿತ್ರವೂ ಸದ್ದೂ ಬೇರೆ ಬೇರೆ ಕ್ಷಣದಲ್ಲಿ ಶುರುವಾಗಿರುತ್ತವೆ. ಎರಡನ್ನೂ ಬಿಡಿಸಿ ಮತ್ತೆ ಸೇರಿಸುವಾಗ ಆ ಅಂತರ ಕಳೆದುಹೋದರೆ ಹೀಗಾಗುತ್ತದೆ. ಅಂತರ ಒಂದೇ ಸಮನೆ ಬೆಳೆಯುತ್ತಾ ಹೋದರೆ ಯಾವುದೋ ವೇಗ ತಪ್ಪಿದೆ ಎಂದು ಅರ್ಥ. 30 ಫ್ರೇಮಿನದನ್ನು 29.97 ಎಂದು ತಿಳಿದರೆ ಗಂಟೆಗೆ 3.6 ಸೆಕೆಂಡ್ ಜಾರುತ್ತದೆ. ಮೆಟ್ಟಿಲಿನ ಹಾಗೆ ಒಂದು ಕಡೆ ಜಿಗಿದು ನಿಂತರೆ ಮೇಷ್ಟರ ವಿಡಿಯೊದ ಕಥೆ, ಇಲ್ಲವೇ ನಡುವೆ ಫ್ರೇಮುಗಳು ಬಿದ್ದುಹೋಗಿವೆ.

ಮಿಲಿಸೆಕೆಂಡಿನ ಮಟ್ಟಕ್ಕೆ ಬಂದಾಗ ಒಂದು ಮಾತು ನೆನಪಿಡುತ್ತೇನೆ. ಮಿಂಚಿನ ಹಿಂದೆ ಗುಡುಗು ಬರುವುದು ನಮಗೆ ರೂಢಿ, ಸದ್ದು ತುಸು ತಡವಾದರೆ ಕಿವಿ ಸಹಿಸುತ್ತದೆ. ಮೊದಲೇ ಬಂದರೆ ಸಹಿಸುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸಿನ ಪ್ರಕಾರ ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂದಿದ್ದರೇ ಗೊತ್ತಾಗುತ್ತದೆ, ಹಿಂದಿದ್ದರೆ 125ರವರೆಗೆ ತಿಳಿಯುವುದಿಲ್ಲ. ಅನುಮಾನವಿದ್ದಾಗ ನಾನು ಆಡಿಯೊವನ್ನು ಒಂದು ಫ್ರೇಮ್ ಹಿಂದೆಯೇ ಬಿಡುತ್ತೇನೆ.

ಕಂಪ್ಯೂಟರಿನಲ್ಲಿ ಕೇಳುತ್ತದೆ, ಟಿವಿಯಲ್ಲಿ ಮೂಕವಾಗಿದೆ ಎಂಬ ದೂರೂ ಆಗಾಗ ಬರುತ್ತದೆ. ಅದಕ್ಕೆ ಹೆಚ್ಚಾಗಿ ಕಾರಣ ಮೊಬೈಲ್ ಫೈಲಿನ ಎಎಸಿ ಎಂಬ ಬಗೆಯ ಆಡಿಯೊ. ಡಿವಿಡಿ ವಿಡಿಯೊದ ನಿಯಮದಲ್ಲಿ ಎಎಸಿಗೆ ಜಾಗವಿಲ್ಲ, ಎಂಪಿ3ಗೂ ಇಲ್ಲ. ವಿಎಲ್‌ಸಿ ಎಂಬ ಕಂಪ್ಯೂಟರ್ ಪ್ಲೇಯರ್ ಸಿಕ್ಕಿದ್ದನ್ನೆಲ್ಲ ಓದುತ್ತದೆ, ಹಾಗಾಗಿ ಅದರಲ್ಲಿ ಕೇಳಿಸಿತು ಎಂದು ನಂಬಿ ಕೊಡಬಾರದು. ನಾನು ಡಾಲ್ಬಿ ಡಿಜಿಟಲ್, ಅಂದರೆ ಎಸಿ-3, ಅದನ್ನೇ ಬಳಸುತ್ತೇನೆ: 48 ಕಿಲೋಹರ್ಟ್ಸ್, ಸ್ಟೀರಿಯೊಗೆ 192 ಅಥವಾ 256 ಕೆಬಿಪಿಎಸ್. ಸಿಡಿಯಿಂದ ತೆಗೆದ ಹಾಡು 44.1 ಕಿಲೋಹರ್ಟ್ಸ್‌ನಲ್ಲಿರುತ್ತದೆ, ಅದನ್ನು ಸರಿಯಾಗಿ ರೀಸ್ಯಾಂಪಲ್ ಮಾಡಬೇಕು, ಅಂದರೆ 48ಕ್ಕೆ ಹೊಸದಾಗಿ ಪರಿವರ್ತಿಸಬೇಕು. ಬರೀ 48 ಎಂದು ಹಣೆಪಟ್ಟಿ ಬದಲಿಸಿದರೆ ಹಾಡು ಸುಮಾರು ಶೇ 9ರಷ್ಟು ಬೇಗ ಓಡಿ, ಶ್ರುತಿಯೂ ಏರುತ್ತದೆ.

ಕ್ವಾಲಿಟಿ ಇರಲಿ ಎಂದು ಪಿಸಿಎಂ, ಅಂದರೆ ಒತ್ತಿ ಕುಗ್ಗಿಸದ ಆಡಿಯೊ, ಹಾಕುವವರಿದ್ದಾರೆ. ಅದು ಒಂದೇ 1.5 ಎಂಬಿಪಿಎಸ್ ನುಂಗುತ್ತದೆ. ಚಿತ್ರ, ಸದ್ದು ಎಲ್ಲ ಸೇರಿ ಡಿವಿಡಿಯ ಮಿತಿ 10.08 ಎಂಬಿಪಿಎಸ್. ಬರ್ನ್ ಮಾಡಿದ ಡಿಸ್ಕ್ ಆ ಅಂಚಿಗೆ ಹೋದರೆ ಹಳೆಯ ಪ್ಲೇಯರ್‌ಗಳು ತಡವರಿಸಿ, ಮಾತು ತುಂಡುತುಂಡಾಗುತ್ತದೆ. ನಾನು ಒಟ್ಟು 8ರೊಳಗೇ ನಿಲ್ಲಿಸುತ್ತೇನೆ. ಸಂಗೀತ ಜೋರಾಗಿದೆ, ಮಾತು ಮಾತ್ರ ಎಲ್ಲೋ ದೂರ ಕೇಳುತ್ತಿದೆ ಎಂದರೆ 5.1, ಅಂದರೆ ಆರು ಚಾನೆಲ್‌ನ, ಆಡಿಯೊವನ್ನು ಎರಡು ಚಾನೆಲ್‌ನ ಸ್ಟೀರಿಯೊಗೆ ಇಳಿಸುವಾಗ ನಡುವಿನ ಸ್ಪೀಕರಿನ ಸೆಂಟರ್ ಚಾನೆಲ್ ಬಿಟ್ಟುಹೋಗಿರುತ್ತದೆ. ಮಾತು ಹೆಚ್ಚಾಗಿ ಇರುವುದೇ ಅದರಲ್ಲಿ.

ಮೂರನೇ ಡಿಸ್ಕ್ ಕೊಡುವ ಮೊದಲು ಅದನ್ನು ಮಾಮೂಲಿ ಡಿವಿಡಿ ಪ್ಲೇಯರ್‌ಗೆ ಹಾಕಿ, ಪೂರ್ತಿ 1 ಗಂಟೆ 10 ನಿಮಿಷ ಕುಳಿತು ನೋಡಿದೆ. ದೀಪ ಆರಿತು, ಫೋಟೊಗಳು ಸರಿದವು, ದೀಪ ಹತ್ತಿತು. ಮಾತು ಮುಗಿಸಿ ಮೇಷ್ಟರು ಕನ್ನಡಕ ತೆಗೆದರು, ಒರೆಸಿದರು, ಮೇಜಿನ ಮೇಲಿಟ್ಟರು. ಟಕ್ ಎಂಬ ಸದ್ದು ಇಟ್ಟ ಕ್ಷಣಕ್ಕೇ ಬಂತು.