78ನೇ ದಿನ ಗೌರಿ ಕೂಗಿದಳು

14 ನವೆಂಬರ್ 2024, ಗುರುವಾರ
ಚನ್ನರಾಯಪಟ್ಟಣದ ಹತ್ತಿರ, ನಮ್ಮ ಕೊಟ್ಟಿಗೆ

ಬೆಳಿಗ್ಗೆ ಐದೂವರೆಗೆ ಹಾಲು ಕರೆಯಲು ಹೋದರೆ ಗೌರಿ ಒಂದೇ ಸಮ ಕೂಗುತ್ತಿದ್ದಳು. ಬೂಸಾ ಮೂಸಿಯೂ ನೋಡಿರಲಿಲ್ಲ. ಅಮ್ಮ ಟಾರ್ಚ್ ಬೆಳಕು ಬಿಟ್ಟು, "ಲೋ, ಲೋಳೆ ಹಾಕ್ತಾವ್ಳೆ ನೋಡೋ" ಅಂದರು. ಮೊಟ್ಟೆಯ ಬಿಳಿ ಥರ ತಿಳಿಯಾಗಿ, ನೂಲಿನಂತೆ ಇಳಿದು ಬಾಲಕ್ಕೆಲ್ಲ ಮೆತ್ತಿಕೊಂಡಿತ್ತು. ಹಾಲು ಎರಡು ಲೀಟರ್ ಕಮ್ಮಿ ಬಂತು. ಬರಲಿ ಬಿಡಿ, ಕೊನೆಗೂ ಬೆದೆಗೆ ಬಂದಳಲ್ಲ!

ಕರು ಹಾಕಿದ್ದು ಆಗಸ್ಟ್ 28ಕ್ಕೆ. ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಇವತ್ತು 78. ನಿದ್ದೆ ಕೆಟ್ಟಿದ್ದು ಸುಮ್ನೆ ಅಲ್ಲ.

ಹೋದ ತಿಂಗಳು ಡಾಕ್ಟರಿಗೆ, "ಬೆದೆಗೆ ಬರೋ ಇಂಜೆಕ್ಷನ್ ಹಾಕಿಬಿಡಿ ಸಾರ್" ಅಂದಿದ್ದೆ. ಅವರು ಕೈ ಹಾಕಿ ಪರೀಕ್ಷಿಸಿ, "ಗರ್ಭಕೋಶ ಚೆನ್ನಾಗಿದೆ ಕಣ್ರೀ. ಮೊದಲು ಇವಳ ಬೆನ್ನು ಮುಟ್ಟಿ ನೋಡಿ" ಅಂದರು. ಮುಟ್ಟಿದೆ. ಮೂಳೆ ಒಂದೊಂದೂ ಎಣಿಸುವ ಹಾಗಿತ್ತು. ದಿನಾ ಮೈ ತೊಳೆಯುವವನು ನಾನೇ, ಆದರೂ ಕಣ್ಣಿಗೆ ಬಿದ್ದಿರಲಿಲ್ಲ.

ಕರು ಹಾಕಿ ಒಂದೂವರೆ ತಿಂಗಳಿಗೆಲ್ಲ ಹಾಲು ಏರಿಬಿಡುತ್ತದೆ. ಮೇವು ತಿನ್ನುವ ಶಕ್ತಿ ಏರುವುದು ಅದಾದ ಎಷ್ಟೋ ವಾರಕ್ಕೆ. ಅಲ್ಲಿಯವರೆಗೆ ಹಸು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ಮೈ ಇಳಿಯುತ್ತಲೇ ಇದ್ದರೆ ಬೆದೆಯೂ ಮುಂದಕ್ಕೆ ಹೋಗುತ್ತದೆ.

ತಪ್ಪು ನನ್ನದೇ. ಕರು ಹಾಕುವ ಮೊದಲು ಕರೆಯುವುದು ನಿಲ್ಲಿಸಿ ಬತ್ತಿಸಿದ ಎರಡು ತಿಂಗಳು ಬರೀ ರಾಗಿ ಹುಲ್ಲು ಹಾಕಿದ್ದೆ. ಹಾಲಿಲ್ಲದ ಹಸುಗೆ ಹಿಂಡಿ ಯಾಕೆ ಅನ್ನುವ ಲೆಕ್ಕ. ಕರು ಹಾಕಿದ ಮೇಲೂ 16 ಲೀಟರ್ ಕರೆದುಕೊಂಡು ಹಾಕುತ್ತಿದ್ದದ್ದು ಐದು ಕೆ.ಜಿ. ಫೀಡ್. ಡಾಕ್ಟರ ಲೆಕ್ಕದಲ್ಲಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ., ಅವಳ ಮೈಗೆ ಒಂದೂವರೆ. ಹತ್ತಿರ ಹತ್ತಿರ ಎಂಟು ಆಯಿತಲ್ವಾ?

ಮಾರನೇ ದಿನವೇ ಎಂಟೂ ಸುರಿದೆ, ಪೆದ್ದ! ಸಗಣಿ ನೀರಾಗಿ ಎರಡು ದಿನ ಮೇವು ಬಿಟ್ಟಳು. ಆಮೇಲೆ ಮೂರು ದಿನಕ್ಕೊಮ್ಮೆ ಅರ್ಧರ್ಧ ಕೆ.ಜಿ. ಏರಿಸಿದೆ. ದಿನದ ಫೀಡನ್ನು ನಾಲ್ಕು ಸಲಕ್ಕೆ ಹಂಚಿದೆ. ಜೊತೆಗೆ ಹಸಿ ಜೋಳದ ಕಡ್ಡಿ, ಒಂದು ಹಿಡಿ ಖನಿಜ ಮಿಶ್ರಣ. ಈ ವಾರ ಪಕ್ಕೆಲುಬು ಸ್ವಲ್ಪ ಮುಚ್ಚಿಕೊಂಡಿದೆ.

ಬೆಳಿಗ್ಗೆ ಬೆದೆ ಕಂಡರೆ ಸಂಜೆ ಸೆಮೆನ್, ಅಂದರೆ ಹೋರಿಯ ವೀರ್ಯ, ಹಾಕಿಸಬೇಕು. ಡಾಕ್ಟರು ಐದು ಗಂಟೆಗೆ ಬಂದು ಹಾಕಿ ಹೋದರು. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತಾಳೆ; ಡಿಸೆಂಬರ್ 5ಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೇನೆ. ಅವತ್ತು ಕೂಗದಿದ್ದರೆ ಸಾಕು.

ಪಕ್ಕದಲ್ಲಿ ಕಟ್ಟಿರುವ ತುಂಗೆಯನ್ನು ಬತ್ತಿಸಿ ಮೂರು ವಾರ ಆಯಿತು. ರಾತ್ರಿ ಅವಳಿಗೂ ಎರಡು ಕೆ.ಜಿ. ಫೀಡ್ ಹಾಕಿದೆ. "ಹಾಲೇ ಇಲ್ವಲ್ಲೋ ಅದಕ್ಕೆ" ಅಂತ ಅಮ್ಮ ಇನ್ನೂ ಗೊಣಗುತ್ತಿದ್ದಾರೆ.