ಸುಮ್ಮನಿದ್ದಾಗಲೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್

ಮೈಸೂರು, ಮಂಡ್ಯ ಭಾಗದಲ್ಲಿ ಕಂಪ್ಯೂಟರ್ ದುರಸ್ತಿ ನನ್ನ ವೃತ್ತಿ. ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ ಎಂದು ಯಾರಾದರೂ ಕರೆದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಹೊತ್ತಿಗೆ ಅದರಲ್ಲಿ ಏನು ನಡೆಯುತ್ತಿತ್ತು? ‘ಏನೂ ಇಲ್ಲ, ಸುಮ್ಮನೆ ಆನ್ ಆಗಿತ್ತು’ ಎಂದರೆ ರ‍್ಯಾಮ್‌ಗೆ ಕೈ ಹಾಕುವ ಮೊದಲು ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ತೆರೆದುಕೊಳ್ಳುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ, ತೆರೆಯುತ್ತೇನೆ.

ಈ ಅಭ್ಯಾಸ ಬೆಳೆದದ್ದು ಮಂಡ್ಯದ ಒಂದು ತರಬೇತಿ ಕೇಂದ್ರದಲ್ಲಿ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಯುಪಿಎಸ್ ಇನ್ನಷ್ಟು ಹೊತ್ತು ಬರಲಿ ಎಂದು ಅಲ್ಲಿನ ಎಲ್ಲ ಯಂತ್ರಗಳ ಬಯಾಸ್‌ನಲ್ಲಿ ಪ್ರೊಸೆಸರ್‌ನ ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ಆನ್ ಮಾಡಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಅಂದಿನಿಂದ ಒಂದಲ್ಲ ಒಂದು ಯಂತ್ರ ಬೀಳತೊಡಗಿತು, ಅಂದರೆ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿತು. ವಿಂಡೋಸ್ ಹೊಸದಾಗಿ ಹಾಕಿಸಿದರು, ರ‍್ಯಾಮ್ ಬದಲಾಯಿಸಿದರು. ಪ್ರೊಸೆಸರ್‌ಗೆ ಪೂರ್ತಿ ಹೊರೆ ಕೊಡುವ ಪ್ರೈಮ್95 ತಂತ್ರಾಂಶ ಹಾಕಿ ಗಂಟೆಗಟ್ಟಲೆ ದುಡಿಸಿದರೂ ಯಂತ್ರ ಅಲುಗಲಿಲ್ಲ. ಹಾಗಾಗಿ ಹಾರ್ಡ್‌ವೇರ್ ಸರಿ ಇದೆ ಎಂದು ತೀರ್ಮಾನಿಸಿದ್ದರು.

ನಾನು ಹೋದಾಗ ಟ್ಯಾಲಿ ತರಗತಿ ನಡೆಯುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಜರ್ನಲ್ ಎಂಟ್ರಿ ಬರೆದು ವಿವರಿಸುತ್ತಿದ್ದರು, ಹುಡುಗರ ಕೈಯಲ್ಲಿ ಕೀಬೋರ್ಡ್ ಬದಲು ಪೆನ್ನಿತ್ತು. ಹಿಂದಿನ ಸಾಲಿನ ಒಂದು ಮಾನಿಟರ್ ಕಪ್ಪಾಯಿತು, ಕ್ಯಾಬಿನೆಟ್ ಫ್ಯಾನ್ ಒಮ್ಮೆ ಜೋರಾಗಿ ಸುತ್ತಿತು, ಮದರ್‌ಬೋರ್ಡ್ ಕಂಪನಿಯ ಲೋಗೋ ಬಂತು. ಪಾಠ ಮುಗಿದು ಎಲ್ಲರೂ ಟೈಪ್ ಮಾಡಲು ತೊಡಗಿದ ಮೇಲೆ ಒಂದೂ ಬೀಳಲಿಲ್ಲ. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41, ಅಂದರೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತೆಂಬ ದಾಖಲೆ, ಸಾಲುಗಟ್ಟಿ ನಿಂತಿತ್ತು. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0. ಇದನ್ನು ಎಲ್ಲರೂ ನೋಡಬೇಕು. ಡ್ರೈವರ್ ಕೆಟ್ಟು ನೀಲಿ ಪರದೆ ಬಂದಿದ್ದರೆ ಸಾಮಾನ್ಯವಾಗಿ ಅಲ್ಲಿ ಒಂದು ಸಂಖ್ಯೆ ದಾಖಲಾಗಿರುತ್ತದೆ. ಸೊನ್ನೆ ಇದ್ದರೆ ವಿಂಡೋಸ್‌ಗೆ ಬರೆದಿಡಲು ಸಮಯವೇ ಸಿಕ್ಕಿಲ್ಲ ಎಂದರ್ಥ. ವಿದ್ಯುತ್ ತಪ್ಪಿರಬೇಕು, ಇಲ್ಲವೇ ಯಂತ್ರ ನಿಂತಲ್ಲೇ ಕಲ್ಲಾಗಿರಬೇಕು.

ಕ್ಯಾಬಿನೆಟ್ ಬಿಚ್ಚಿದಾಗ ಕಾರಣದ ಜಾಡು ಸಿಕ್ಕಿತು. ಪ್ರೊಸೆಸರ್ ಇಂಟೆಲ್ ಕೋರ್ 4ನೇ ತಲೆಮಾರಿನದು, ಅಂದರೆ 2013ರಲ್ಲಿ ಬಂದ ಹ್ಯಾಸ್‌ವೆಲ್. ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನ ಒಳಗಿನ ವಿದ್ಯುತ್ ಪೂರೈಕೆ ಘಟಕ, ಮಾತ್ರ ಅದಕ್ಕೂ ಹಳೆಯದು. ಅಸೆಂಬಲ್ ಮಾಡಿದವರು ಹಳೆಯ ಕ್ಯಾಬಿನೆಟ್ಟಿಗೇ ಹೊಸ ಬೋರ್ಡ್ ಕೂರಿಸಿದ್ದರು. ಹ್ಯಾಸ್‌ವೆಲ್ ತನ್ನ ಆಳವಾದ ನಿದ್ರೆಯ ಹಂತಗಳಾದ ಸಿ6, ಸಿ7ಕ್ಕೆ ಇಳಿದಾಗ ಪ್ರೊಸೆಸರ್‌ಗೆ ಹೋಗುವ 12 ವೋಲ್ಟ್ ಸಾಲಿನಿಂದ ಕೇವಲ 0.05 ಆಂಪಿಯರ್ ಎಳೆಯುವಷ್ಟು ಕೆಳಗಿಳಿಯಬಲ್ಲದು. ಅದಕ್ಕಿಂತ ಹಿಂದಿನ ವಿನ್ಯಾಸದಲ್ಲಿ ಆ ಸಾಲಿನ ಕನಿಷ್ಠ ಲೆಕ್ಕ 0.5 ಆಂಪಿಯರ್ ಇತ್ತು. ಹತ್ತು ಪಟ್ಟು ವ್ಯತ್ಯಾಸ! ಅಗ್ಗದ ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 5 ವೋಲ್ಟ್ ಮತ್ತು 12 ವೋಲ್ಟ್‌ಗಳ ನಿಯಂತ್ರಣ ಒಂದಕ್ಕೊಂದು ಕಟ್ಟಿಕೊಂಡಿರುತ್ತದೆ, ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳ ಹಾಗೆ. ಒಂದು ಕಡೆ ಭಾರ ಪೂರ್ತಿ ಇಳಿದರೆ ಆ ಕಡೆಯ ವೋಲ್ಟೇಜ್ ಮೇಲೇರುತ್ತದೆ. ಮರುಕ್ಷಣವೇ ಎಲ್ಲ ಕೋರ್‌ಗಳು ಎಚ್ಚೆತ್ತು ಒಮ್ಮೆಲೇ ಕರೆಂಟ್ ಕೇಳಿದರೆ ಅದು ಕುಸಿಯುತ್ತದೆ. ಆಗ ವಿದ್ಯುತ್ ಸರಿಯಿದೆ ಎಂದು ಬೋರ್ಡಿಗೆ ತಿಳಿಸುವ ಪವರ್ ಗುಡ್ ಸಂಕೇತ ತಪ್ಪಿ ಬೋರ್ಡ್ ರೀಸೆಟ್ ಆಗುತ್ತದೆ. ಮಲ್ಟಿಮೀಟರ್ ಹಿಡಿದರೆ ಆ ಕ್ಷಣದ ಕುಸಿತ ಕಾಣುವುದೇ ಇಲ್ಲ. ಎಸ್‌ಎಂಪಿಎಸ್‌ನ ಮೇಲಿನ ಚೀಟಿಯಲ್ಲೂ ಗರಿಷ್ಠ ವ್ಯಾಟ್ ದಪ್ಪ ಅಕ್ಷರದಲ್ಲಿರುತ್ತದೆ, ಕನಿಷ್ಠ ಲೋಡ್ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಇರುವುದಿಲ್ಲ.

ಇಂಥ ಕಡೆ ಉಳಿತಾಯದ ಆಯ್ಕೆಗಳನ್ನೆಲ್ಲ ಒಟ್ಟಿಗೆ ಆಫ್ ಮಾಡಿ, ‘ಸರಿಯಾಯಿತು’ ಎಂದು ಬಿಲ್ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಯಾವುದು ತಪ್ಪಿತಸ್ಥ ಎಂಬುದೂ ತಿಳಿಯುವುದಿಲ್ಲ, ಯುಪಿಎಸ್ ಸಮಸ್ಯೆಯೂ ಮೊದಲಿನಂತೆ ಉಳಿಯುತ್ತದೆ. ಮೇಲಾಗಿ ಸ್ಪೀಡ್‌ಸ್ಟೆಪ್ ಬೇರೆ, ಸಿ-ಸ್ಟೇಟ್ ಬೇರೆ. ಮೊದಲನೆಯದು ಕೆಲಸದ ನಡುವೆ ವೇಗವನ್ನೂ ವೋಲ್ಟೇಜನ್ನೂ ಏರಿಳಿಸುತ್ತದೆ, ಎರಡನೆಯದು ಕೆಲಸವಿಲ್ಲದ ಕೋರನ್ನು ಮಲಗಿಸುತ್ತದೆ. ವಿಂಡೋಸ್‌ನಲ್ಲಿ ವೇಗ ಇಳಿಯದಂತೆ ಕನಿಷ್ಠ ಪ್ರೊಸೆಸರ್ ಸ್ಟೇಟ್ ಶೇ. 100ಕ್ಕೆ ಇಟ್ಟರೂ ಸಿ-ಸ್ಟೇಟ್‌ಗಳು ತಮ್ಮ ಪಾಡಿಗೆ ನಡೆಯುತ್ತಲೇ ಇರುತ್ತವೆ.

ಹಾಗಾಗಿ ಆಳದ ಹಂತದಿಂದ ಮೇಲಕ್ಕೆ ಬಂದೆ. ಸಿ7, ಸಿ6 ಮಾತ್ರ ಆಫ್ ಮಾಡಿ, ಅವಕ್ಕಿಂತ ಹಗುರ ನಿದ್ರೆಯ ಸಿ3, ಸಿ1ಇ, ಸ್ಪೀಡ್‌ಸ್ಟೆಪ್ ಹಾಗೆಯೇ ಬಿಟ್ಟೆ. ಪ್ರತಿ ಬಾರಿಯೂ ಯಂತ್ರವನ್ನು ಲಾಗಿನ್ ಮಾಡಿ ಮುಟ್ಟದೆ ಬಿಡುವುದೇ ಪರೀಕ್ಷೆ. ರೀಸ್ಟಾರ್ಟ್ ನಿಂತಿತು. ಆದರೂ ಅಷ್ಟಕ್ಕೆ ಬಿಡಲು ಮನಸ್ಸಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಬೀಳುತ್ತಿದ್ದ ಯಂತ್ರಕ್ಕೆ 5 ವೋಲ್ಟ್, 12 ವೋಲ್ಟ್‌ಗಳನ್ನು ಬೇರೆ ಬೇರೆಯಾಗಿ ನಿಯಂತ್ರಿಸುವ ಡಿಸಿ-ಡಿಸಿ ವಿನ್ಯಾಸದ ಹೊಸ ಎಸ್‌ಎಂಪಿಎಸ್ ಹಾಕಿ ಸಿ6, ಸಿ7 ಮತ್ತೆ ಆನ್ ಮಾಡಿದೆ. ಬೀಳಲಿಲ್ಲ. ಅದನ್ನೇ ತೆಗೆದು ಹಳೆಯದನ್ನು ಕೂರಿಸಿದಾಗ ಮತ್ತೆ ಬಿತ್ತು. ಆಮೇಲಷ್ಟೇ ಕೇಂದ್ರದವರಿಗೆ ಖಚಿತವಾಗಿ ಹೇಳಿದೆ.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಪ್ರೊಸೆಸರ್‌ಗಳಲ್ಲೂ ಇದೇ ಬಗೆಯ ತೊಂದರೆ ಉಂಟು. ಮೈಸೂರಿನ ಒಂದು ಮುದ್ರಣಾಲಯದಲ್ಲಿ ಮೊದಲ ತಲೆಮಾರಿನ ರೈಜೆನ್ ಮೇಲೆ ಲಿನಕ್ಸ್ ಫೈಲ್ ಸರ್ವರ್ ಓಡುತ್ತಿತ್ತು. ಹಗಲಿಡೀ ಪುಟ ವಿನ್ಯಾಸದ ಫೈಲುಗಳು ಹೋಗಿ ಬರುವಾಗ ಗಟ್ಟಿ, ರಾತ್ರಿ ಪ್ರೆಸ್ ಮುಚ್ಚಿದ ಮೇಲೆ ಹ್ಯಾಂಗ್. ಇಲ್ಲಿ ಸಿ6 ಪೂರ್ತಿ ಆಫ್ ಮಾಡಬೇಕಾಗಿಯೂ ಬರಲಿಲ್ಲ. ಬಯಾಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬ ಆಯ್ಕೆ ಇರುತ್ತದೆ. ಅದನ್ನು ‘ಟಿಪಿಕಲ್ ಕರೆಂಟ್ ಐಡಲ್’ಗೆ ಬದಲಾಯಿಸಿದರೆ ಬಿಡುವಿನಲ್ಲೂ ಪ್ರೊಸೆಸರ್ ಸ್ವಲ್ಪ ಹೆಚ್ಚು ಕರೆಂಟ್ ಎಳೆಯುತ್ತದೆ. ಹ್ಯಾಂಗ್ ನಿಂತಿತು.

ಮಂಡ್ಯದ ಕೇಂದ್ರದಲ್ಲಿ ಎಸ್‌ಎಂಪಿಎಸ್‌ಗಳನ್ನು ಒಂದೇ ಸಲಕ್ಕೆ ಬದಲಾಯಿಸುವಷ್ಟು ಹಣವಿರಲಿಲ್ಲ. ಹೊಸದು ಬಂದ ಯಂತ್ರಗಳಲ್ಲಿ ಎಲ್ಲ ಹಂತಗಳೂ ಆನ್, ಉಳಿದವುಗಳಲ್ಲಿ ಸಿ6, ಸಿ7 ಆಫ್. ಯಾವುದು ಯಾವ ಸ್ಥಿತಿಯಲ್ಲಿದೆ ಎಂದು ಪ್ರತಿ ಕ್ಯಾಬಿನೆಟ್‌ನ ಪಕ್ಕದಲ್ಲಿ ಚೀಟಿ ಅಂಟಿಸಿದ್ದೇನೆ, ಮುಂದೆ ಬಯಾಸ್ ಬ್ಯಾಟರಿ ಬದಲಾಯಿಸಿ ಸೆಟ್ಟಿಂಗ್ ಅಳಿಸಿಹೋದರೆ, ಬದಲಾಯಿಸಿದವರು ಮೊದಲು ಅದನ್ನು ಓದಿಕೊಳ್ಳಲಿ ಎಂದು.