ಪ್ರಾರ್ಥನೆ ಮುಗಿದ ಮೇಲೆ ಮುಖ್ಯ ಶಿಕ್ಷಕರು ಎಲ್ಲಿರುತ್ತಾರೆ?

ಒಳ್ಳೆಯ ಮುಖ್ಯ ಶಿಕ್ಷಕರ ಲಕ್ಷಣಗಳೇನೆಂದು ತರಬೇತಿಗಳಲ್ಲಿ ಕೇಳಿದರೆ ದೂರದೃಷ್ಟಿ, ಶಿಸ್ತು, ಸಮಯಪ್ರಜ್ಞೆ ಎಂಬ ಉತ್ತರಗಳು ಸಾಲಾಗಿ ಬರುತ್ತವೆ. ಮಂಡ್ಯ ಜಿಲ್ಲೆಯಲ್ಲಿ ಸಿಆರ್‌ಪಿಯಾಗಿ, ಅಂದರೆ ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಯಾಗಿ, ಶಾಲೆಯಿಂದ ಶಾಲೆಗೆ ತಿರುಗುತ್ತಿದ್ದ ವರ್ಷಗಳಲ್ಲಿ ನಾನು ಗಮನಿಸುತ್ತಿದ್ದುದು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಮಾತ್ರ. ಬಿಸಿಯೂಟದ ದಾಸ್ತಾನು, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ನಮೂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಕೇಳಿದ ತುರ್ತು ಮಾಹಿತಿ ಇವೆಲ್ಲದರ ನಡುವೆಯೂ ದಿನಕ್ಕೊಂದು ಅವಧಿಯನ್ನಾದರೂ ತಾವೇ ಪಾಠ ಮಾಡುವವರಿಗೆ, ಐದನೆಯ ತರಗತಿಯ ಯಾವ ಮಗು ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳಲು ತಡವರಿಸುತ್ತದೆ ಎಂಬುದು ಯಾವ ವರದಿಯನ್ನೂ ನೋಡದೆ ಗೊತ್ತಿರುತ್ತದೆ. ಅಂಥವರು ಸಹಶಿಕ್ಷಕರ ಪಾಠದ ಬಗ್ಗೆ ಒಂದು ಸಲಹೆ ಕೊಟ್ಟರೆ ಅದು ಯಾರಿಗೂ ಚುಚ್ಚುವುದಿಲ್ಲ.

ನಾಯಕತ್ವವೆಂದರೆ ಒಬ್ಬರ ಸ್ವಭಾವವೆಂದು ತಿಳಿಯುವವರು ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯನ್ನು ನೆನೆಯಬೇಕು. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮಕ್ಕಳು ಕಾರ್ಡುಗಳ ನೆರವಿನಿಂದ ನಲಿಯುತ್ತ ಕಲಿಯುವ ನಲಿ-ಕಲಿ ಪದ್ಧತಿ ಮೊಳೆತದ್ದು ಆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ತಾವೇ ಕುಳಿತು ಕಲಿಕಾ ಕಾರ್ಡುಗಳನ್ನು ರಚಿಸಿದರು; ಅಧಿಕಾರಿಗಳು ಅವರಿಗೆ ಪ್ರಯೋಗ ಮಾಡುವ, ಬೇಡವಾದದ್ದನ್ನು ಕೈಬಿಡುವ ಸ್ವಾತಂತ್ರ್ಯವನ್ನು ಕೊಟ್ಟರು. ಮುಂದೆ ಅದೇ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಆದೇಶದ ರೂಪದಲ್ಲಿ ಬಂದಾಗ, ನಾನು ಕಂಡ ಕೆಲವು ಶಾಲೆಗಳಲ್ಲಿ ಕಾರ್ಡುಗಳು ಬೀರುವಿನಲ್ಲೇ ಉಳಿದವು. ತಾವು ಕಟ್ಟಿದ್ದಕ್ಕೂ ಮೇಲಿನಿಂದ ಇಳಿದದ್ದಕ್ಕೂ ಶಿಕ್ಷಕರು ತೋರುವ ಶ್ರದ್ಧೆ ಒಂದೇ ಆಗಿರಲಾರದು, ಅದಕ್ಕೆ ಅವರನ್ನು ದೂರುವುದೂ ಸರಿಯಲ್ಲ.

ಮುಖ್ಯ ಶಿಕ್ಷಕರ ನಿಜವಾದ ಪರೀಕ್ಷೆ ನಮ್ಮ ಸೀಮೆಯಲ್ಲಿ ನಡೆಯುವುದು ಕಬ್ಬು ಕಟಾವಿನ ಕಾಲದಲ್ಲಿ. ಬಳ್ಳಾರಿಯ ಕಡೆಯಿಂದ ಕಬ್ಬು ಕಡಿಯಲು ಬರುವ ಕುಟುಂಬಗಳ ಮಕ್ಕಳು ಟಿಸಿ (ವರ್ಗಾವಣೆ ಪತ್ರ) ಇಲ್ಲದೆ ಶಾಲೆಯ ಬಾಗಿಲಿಗೆ ಬರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಇಲ್ಲಿ ಬಹಳ ಸ್ಪಷ್ಟವಾಗಿದೆ: ವರ್ಗಾವಣೆ ಪತ್ರ ತರಲು ತಡವಾಯಿತೆಂದು ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ಪತ್ರ ಕೊಡಲು ತಡಮಾಡುವ ಮುಖ್ಯ ಶಿಕ್ಷಕರೇ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ಕಾಯ್ದೆ ಗೊತ್ತಿದ್ದೂ 'ಟಿಸಿ ತನ್ನಿ, ಆಮೇಲೆ ನೋಡೋಣ' ಎನ್ನುವವರನ್ನು ಕಂಡಿದ್ದೇನೆ. ಆ ಮಕ್ಕಳನ್ನು ಅಂದೇ ಕೂರಿಸಿಕೊಂಡು, ಸಂಜೆ ಗದ್ದೆ ಬಯಲಿನ ಗುಡಿಸಲುಗಳ ಬಳಿ ಹೋಗಿ ತಂದೆತಾಯಿಯರನ್ನು ಮಾತನಾಡಿಸಿ ಬರುವವರನ್ನೂ ಕಂಡಿದ್ದೇನೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇಂಥವರ ಬೆನ್ನಿಗೆ ನಿಲ್ಲುತ್ತದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬ ನಿಯಮವನ್ನು ಮನಸ್ಸಿಟ್ಟು ಪಾಲಿಸಿದ ಕಡೆ ಸಭೆಯ ಚರ್ಚೆ ಕಾಂಪೌಂಡು ಗೋಡೆಯಿಂದ ಶೌಚಾಲಯದ ನೀರಿಗೂ ಮಗಳ ಓದಿಗೂ ಹೊರಳಿದ್ದನ್ನು ಕೇಳಿದ್ದೇನೆ.

ಇಷ್ಟನ್ನೆಲ್ಲ ನಿರೀಕ್ಷಿಸುವ ವ್ಯವಸ್ಥೆ ಅದಕ್ಕೆ ಬೇಕಾದ ಬಿಡುವನ್ನು ಕೊಟ್ಟಿಲ್ಲ. ಅದೇ ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ಪ್ರತ್ಯೇಕ ಮುಖ್ಯ ಶಿಕ್ಷಕರ ಹುದ್ದೆ ಬೇಕಾಗುವುದು ಮಕ್ಕಳ ಸಂಖ್ಯೆ 150 ದಾಟಿದಾಗ. ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಹಿರಿಯ ಶಿಕ್ಷಕರೊಬ್ಬರು ಪ್ರಭಾರ ಹೊತ್ತು, ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ನಡುವೆ ಫೋನಿನಲ್ಲಿ ಮಾಹಿತಿ ಕಳಿಸುತ್ತಿರುತ್ತಾರೆ. ಕ್ಲಸ್ಟರ್‌ಗೊಬ್ಬ ಗುಮಾಸ್ತನನ್ನು ನೇಮಿಸಿ ಈ ನಮೂದುಗಳ ಕೆಲಸವನ್ನು ಅವರಿಂದ ತೆಗೆದುಕೊಂಡರೆ, ನಾಯಕತ್ವ ತರಬೇತಿಗೆ ಅವರನ್ನು ಕರೆಯುವ ಮುನ್ನವೇ ಅರ್ಧ ಕೆಲಸ ಆದಂತಾಗುತ್ತದೆ.